ಮೊದಲು ಗಾಳಿ

ಇಪ್ಪತ್ತಾರು ವರ್ಷ ಈ ಮಡಿಕೇರಿಗೆ ನೀರು ಬಿಟ್ಟವನು ನಾನು.
ಕೂಟುಹೊಳೆಯಿಂದ ಏರಿ ಬಂದದ್ದನ್ನು
ದೇಚೂರಿಗೆ ನಸುಕಿನಲ್ಲಿ, ರಾಣಿಪೇಟೆಗೆ ಆರಕ್ಕೆ,
ಮಹದೇವಪೇಟೆಗೆ ಬೈಗುಳದ ಜೊತೆ ಏಳೂವರೆಗೆ.
ಕೈಯಲ್ಲಿ ಕಬ್ಬಿಣದ ಕೀಲಿ,
ತಲೆಯಲ್ಲಿ ಊರಿನ ನೆಲದಡಿಯ ನಕ್ಷೆ.
ಕಾಗದದ ಮೇಲೆ ಅದು ಎಲ್ಲೂ ಇಲ್ಲ.

ಅದಕ್ಕೇ ಡಾಕ್ಟರು ಎದೆಗೆ ಕೊಳವೆಯಿಟ್ಟು
"ವಾಲ್ವ್ ಕೆಟ್ಟಿದೆ ಬೆಳ್ಯಪ್ಪ" ಅಂದಾಗ
"ಯಾವ ಬೀದಿಯದು ಸರ್?" ಅಂದುಬಿಟ್ಟೆ.

ಮೈಸೂರಿಗೆ ಇಳಿದೆವು, ನಾನೂ ದಮಯಂತಿಯೂ.
ಕತ್ತಿಗೆ ತಣ್ಣನೆಯ ಜೆಲ್ ಸವರಿ
ತಲೆಗೆ ಹೋಗುವ ಎರಡೂ ಕೊಳವೆ ನೋಡಿದರು.
ಎದೆಯ ರಿಪೇರಿಗೆ ಕತ್ತು ಯಾಕೆ ಎಂದರೆ
ಅರಿವಳಿಕೆ ಡಾಕ್ಟರಮ್ಮ ಸ್ಟೂಲು ಎಳೆದು ಕೂತರು.
"ಹೃದಯ ನಿಲ್ಲಿಸುವುದು ನಮಗೆ ಗೊತ್ತು, ಮತ್ತೆ ಹೊರಡಿಸುವುದೂ.
ನನ್ನ ನಿದ್ದೆ ಕೆಡುವುದು ಮೇಲಿನದರ ಚಿಂತೆಗೆ.
ದೊಡ್ಡ ಕೊಳವೆಗೆ ಇಕ್ಕಳ ಹಾಕುವಾಗ
ಗೋಡೆಗಂಟಿದ ಸುಣ್ಣದ ಚೂರು ಎದ್ದರೆ..."
"ಕಂದು ನೀರು" ಅಂದೆ.
"ಹೊಲಿದ ಮೇಲೆ ಒಳಗುಳಿದ ಗಾಳಿ..."
"ಹೊರಗೆ ಬಿಡದೆ ಲೈನು ಕೊಟ್ಟರೆ
ಗುಡ್ಡದ ಮನೆಯ ನಲ್ಲಿ ಕೆಮ್ಮುತ್ತೆ.
ಗಾಳಿ ಯಾವಾಗಲೂ ಎತ್ತರ ಹುಡುಕುತ್ತಮ್ಮ."
ಸ್ವಲ್ಪ ಹೊತ್ತು ನನ್ನನ್ನೇ ನೋಡಿ
"ನೀವು ನಮ್ಮ ಇಲಾಖೆಯವರು" ಅಂದರು.

ಹೆಸರಿಗೆ ಅರಿವಳಿಕೆ; ಮಾಡುವುದು ಅರಿವಿನ ಕಾವಲು.
ನೂರರಿಂದ ಏಳೇಳು ಕಳೆಸಿದರು.
"ಐದು ಮಾತು ಕೊಡುತ್ತೇನೆ, ಜೋಪಾನ,
ಆಮೇಲೆ ವಾಪಸ್ ಬೇಕು."

ಮುಂದಿನ ಐದು ಗಂಟೆ ನಾನಿರಲಿಲ್ಲ.
ಹಣೆಗೆ ಎರಡು ಪಟ್ಟಿ ಅಂಟಿಸಿ
ತಲೆಗೆ ಉಸಿರು ಮುಟ್ಟುತ್ತಿದೆಯೇ ಎಂದು
ಒಬ್ಬರು ಆ ಅಂಕಿಗಳನ್ನೇ ಕಾದರಂತೆ.
ಎಡಗಡೆಯದು ಒಮ್ಮೆ ಇಳಿದಾಗ
ಪಂಪಿನ ಒತ್ತಡ ಏರಿಸಿದರಂತೆ.
ತಲೆ ತಗ್ಗಿಸಿ ಮಲಗಿಸಿ, ಸೂಜಿಯಷ್ಟು ತೂತಿನಿಂದ
ಗುಳ್ಳೆ ಗುಳ್ಳೆಯಾಗಿ ಗಾಳಿ ಕಳಿಸಿ
ಆಮೇಲಷ್ಟೇ ಇಕ್ಕಳ ತೆಗೆದರಂತೆ.
ತಣಿಸಿದ ಮೈಯನ್ನು ಬಿಸಿ ಮಾಡಲೂ ಆತುರವಿಲ್ಲ.
ತಲೆ ಕಾಯಬಾರದಂತೆ.

ಆದರೂ ಎರಡನೇ ರಾತ್ರಿ
ಇಡೀ ಮಡಿಕೇರಿ ಖಾಲಿ ಕೊಡ ಹಿಡಿದು
ನನ್ನ ಮಂಚದ ಸುತ್ತ ನಿಂತಿತು.
ಯಂತ್ರ ಪೀಂ ಎಂದಾಗಲೆಲ್ಲ ಟ್ಯಾಂಕು ತುಂಬಿ ಚೆಲ್ಲಿತು.
"ರಾಣಿಪೇಟೆ ಕಟ್ಟಿ!" ಎಂದು ಕೂಗಿ ಕೈಯ ಸೂಜಿ ಕಿತ್ತೆನಂತೆ.
ದಮಯಂತಿಯನ್ನು
"ಯಾರಮ್ಮ ನೀವು, ಯಾವ ವಾರ್ಡು?" ಎಂದೆನಂತೆ.
ಇದನ್ನವಳು ಈಗ ನಗುತ್ತ ಹೇಳುತ್ತಾಳೆ.

ಲಿನ್ಸಿ ಸಿಸ್ಟರ್ ನನ್ನನ್ನು ಮಂಚಕ್ಕೆ ಕಟ್ಟಿಹಾಕಲಿಲ್ಲ.
ಕನ್ನಡಕ ಒರೆಸಿ ಮೂಗಿಗೇರಿಸಿದಳು,
ಪರದೆ ಸರಿಸಿ ಹಗಲು ತೋರಿಸಿದಳು.
"ಚೇಟ್ಟಾ, ಇವತ್ತು ಗುರುವಾರ. ಬೆಳಗ್ಗೆ ಆರೂಕಾಲು. ಇದು ಮೈಸೂರು."
ಗಂಟೆಗೊಮ್ಮೆ ಅದನ್ನೇ, ಗಂಟೆ ಮಾತ್ರ ಬದಲಿಸಿ.
ಮಾತಾಡಿಸುತ್ತಿರಿ ಎಂದು ದಮಯಂತಿಗೆ ಹೇಳಿದರು.
ಅವಳು ನನ್ನ ಬೀದಿಗಳನ್ನು ಹೇಳತೊಡಗಿದಳು
ಬೇಕಂತಲೇ ಕ್ರಮ ತಪ್ಪಿಸಿ.
ಮೂರನೇ ಸಲಕ್ಕೆ ನಾನು ರೇಗಿದೆನಂತೆ:
"ಭಗವತಿನಗರ ಆಮೇಲೆ. ಮೊದಲು ಪುಟಾಣಿನಗರ!"
ಅವಳು ಅತ್ತದ್ದು ಆಗ.

ಹೊರಡುವ ದಿನ ಡಾಕ್ಟರಮ್ಮ ಲೆಕ್ಕಕ್ಕೆ ಬಂದರು.
ಏಣಿ. ಶುಂಠಿ. ನವಿಲು. ಕಂಬಳಿ.
ಐದನೆಯದು ಇದ್ದ ಜಾಗ ಇತ್ತು, ಮಾತಿರಲಿಲ್ಲ.
ದಮಯಂತಿಗೆ ಗೊತ್ತು. ಹೇಳುವುದಿಲ್ಲ.
"ಬಂದಾಗ ಬರಲಿ, ನೀರಿನ ಹಾಗೆ" ಅನ್ನುತ್ತಾಳೆ,
ನನ್ನ ಮಾತನ್ನೇ ನನಗೆ.

ಇವತ್ತಿಗೆ ಹನ್ನೆರಡನೇ ವಾರ.
ಭಾರದ ಕೀಲಿ ಈಗ ಉನೈಸನ ಕೈಯಲ್ಲಿ;
ಚೇಂಬರಿನ ಅಂಚಿಗೆ ಕೂತು ಹೇಳುವುದಷ್ಟೇ ನನ್ನ ಪಾಲು.
ಮಂಜಿನಲ್ಲಿ ಟಾರ್ಚಿನ ಬೆಳಕು ಎರಡು ಮಾರೂ ಹೋಗುತ್ತಿಲ್ಲ.
ಹುಡುಗನಿಗೆ ಅವಸರ, ದೇಚೂರಿನಿಂದ ಆಗಲೇ ಎರಡು ಫೋನು.
"ನಿಲ್ಲು ಮಾರಾಯ. ಮೊದಲು ಗಾಳಿ."
ಹಿತ್ತಾಳೆಯ ತೂತು ಬುಸುಗುಟ್ಟುತ್ತದೆ,
ಉಗುಳುತ್ತದೆ, ಹಾಲಿನಂಥದ್ದು ಬರುತ್ತದೆ,
ಆಮೇಲೆ ತಿಳಿ.
ಅಂಗಿಯೊಳಗೆ ಹೊಸ ವಾಲ್ವ್ ಟಿಕ್ ಟಿಕ್ ಎನ್ನುವುದು
ಈ ಹೊತ್ತಿನಲ್ಲಿ ಅವನಿಗೂ ಕೇಳಿಸುತ್ತದೆ.
"ಈಗ ಬಿಡು. ಕಾಲು ಸುತ್ತು. ಇನ್ನೊಂದು ಕಾಲು."

"ಎಷ್ಟು ಸುತ್ತಾಯ್ತಣ್ಣ?" ಕೇಳುತ್ತಾನೆ ಗುಂಡಿಯಿಂದ,
ಮರೆತವನ ಹಾಗೆ, ನನ್ನನ್ನು ಪರೀಕ್ಷಿಸಲೋ ಏನೋ.

ಹನ್ನೊಂದು.